ಗರ್ಭಾವಸ್ಥೆಯ ಆರಂಭದಲ್ಲೇ ಪ್ರಿ-ಎಕ್ಲಾಂಪ್ಸಿಯಾ (ಗರ್ಭನಂಜು) ಸಂಭವವನ್ನು ಗುರುತಿಸುವುದು – ನಾಗಲಮಡಿಕೆ ಹೋಬಳಿಯ ಗರ್ಭಿಣಿಯರಿಗೆ ಮಾಹಿತಿ

ಪೀಠಿಕೆ

ಗರ್ಭ ಧರಿಸಿ 20 ವಾರಗಳಾದ ನಂತರ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನ್ ಅಂಶ ಕಂಡುಬರುವ ಅಥವಾ ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳಿಗೆ ತೊಂದರೆಯಾಗುವ ಸ್ಥಿತಿಯನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನಲಾಗುತ್ತದೆ. ಇದು ಉಲ್ಬಣಿಸಿದಲ್ಲಿ ಫಿಟ್ಸ್ ಬಂದು ತಾಯಿ ಮತ್ತು ಮಗುವಿನ ಪ್ರಾಣಕ್ಕೆ ಅಪಾಯವಾಗಬಹುದು. ಲಕ್ಷಣಗಳು ತಡವಾಗಿ ಕಂಡರೂ, ಮಾಸಿಗೆ ರಕ್ತ ಪೂರೈಸುವ ನಾಳಗಳು ಸರಿಯಾಗಿ ಹಿಗ್ಗದಿರುವ ತೊಂದರೆಯು ಮೊದಲ ತಿಂಗಳುಗಳಲ್ಲೇ ಆರಂಭವಾಗಿರುತ್ತದೆ. ಆದ್ದರಿಂದ 12 ವಾರಗಳೊಳಗಿನ ನೋಂದಣಿಯು ಅತ್ಯಂತ ಮಹತ್ವದ್ದಾಗಿದೆ.

ಯಾರಲ್ಲಿ ಸಂಭವ ಹೆಚ್ಚು?

ಅ) ಕೆಳಕಂಡವುಗಳಲ್ಲಿ ಒಂದಿದ್ದರೂ ಹೆಚ್ಚಿನ ಅಪಾಯವೆಂದು ಪರಿಗಣಿಸಲಾಗುತ್ತದೆ:
1. ಹಿಂದಿನ ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರಿದ್ದುದು ಅಥವಾ ಫಿಟ್ಸ್ ಬಂದಿದ್ದುದು
2. ಗರ್ಭ ಧರಿಸುವ ಮೊದಲೇ ಇದ್ದ ಅಧಿಕ ರಕ್ತದೊತ್ತಡ
3. ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ
4. ಲೂಪಸ್‌ನಂತಹ ಕಾಯಿಲೆಗಳು

ಆ) ಕೆಳಕಂಡವುಗಳಲ್ಲಿ ಎರಡು ಅಥವಾ ಹೆಚ್ಚು ಇದ್ದಲ್ಲಿ ಎಚ್ಚರಿಕೆ ಅಗತ್ಯ:
1. ಚೊಚ್ಚಲ ಗರ್ಭ
2. 40 ಅಥವಾ ಅದಕ್ಕೆ ಮೇಲ್ಪಟ್ಟ ವಯಸ್ಸು
3. ಹಿಂದಿನ ಗರ್ಭದಿಂದ 10 ವರ್ಷಗಳಿಗೂ ಹೆಚ್ಚಿನ ಅಂತರ
4. ಅತಿಯಾದ ದೇಹತೂಕ
5. ತಾಯಿ ಅಥವಾ ಅಕ್ಕತಂಗಿಯರಿಗೆ ಈ ತೊಂದರೆ ಇದ್ದುದು
6. ಅವಳಿ ಗರ್ಭ

ಪರೀಕ್ಷಾ ವಿಧಾನ

ಹಿಂದಿನ ಹೆರಿಗೆಗಳ ವಿವರ, ರಕ್ತದೊತ್ತಡ, ತೂಕ ಮತ್ತು ಮೂತ್ರ ಪರೀಕ್ಷೆ – ಇವಿಷ್ಟಕ್ಕೆ ದೊಡ್ಡ ಯಂತ್ರೋಪಕರಣಗಳು ಬೇಕಾಗುವುದಿಲ್ಲ. ಇನ್ನೂ ನಿಖರವಾದ ಅಂದಾಜಿಗೆ 11ರಿಂದ 13 ವಾರಗಳ ಅವಧಿಯಲ್ಲಿ ಗರ್ಭಕೋಶದ ರಕ್ತನಾಳಗಳ ಡಾಪ್ಲರ್ ಸ್ಕ್ಯಾನಿಂಗ್ ಹಾಗೂ ರಕ್ತದಲ್ಲಿ ಪಿಎಲ್‌ಜಿಎಫ್ ಎಂಬ ಅಂಶದ ಪರೀಕ್ಷೆಯನ್ನು ನಡೆಸಲಾಗುತ್ತದೆ. ಅಂದಾಜು ಎಂದರೆ ಖಚಿತ ಭವಿಷ್ಯವಲ್ಲ. ಅಪಾಯ ಕಡಿಮೆ ಎಂದು ತಿಳಿಸಲಾದವರಲ್ಲೂ ಈ ತೊಂದರೆ ಕಾಣಿಸಿಕೊಳ್ಳಬಹುದಾದ್ದರಿಂದ, ಪ್ರತಿ ಭೇಟಿಯಲ್ಲೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ತಡೆಗಟ್ಟುವ ಕ್ರಮಗಳು

ಹೆಚ್ಚಿನ ಅಪಾಯವುಳ್ಳವರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ಸೂಚಿಸುತ್ತಾರೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ, 11ರಿಂದ 14 ವಾರಗಳ ನಡುವೆ ಆರಂಭಿಸಿ ಪ್ರತಿ ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ಪಡೆದವರಲ್ಲಿ, 37 ವಾರಗಳಿಗೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂತಹ ಪ್ರಿ-ಎಕ್ಲಾಂಪ್ಸಿಯಾ ಶೇ. 4.3ರಿಂದ ಶೇ. 1.6ಕ್ಕೆ ಇಳಿದಿತ್ತು. ತಡವಾಗಿ ಬಂದವರಿಗೆ ಈ ಪ್ರಯೋಜನ ಪೂರ್ಣವಾಗಿ ದೊರೆಯುವುದಿಲ್ಲ. ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಯನ್ನು ಸೇವಿಸಬಾರದು. 14 ವಾರಗಳ ನಂತರ ನೀಡಲಾಗುವ ಕ್ಯಾಲ್ಸಿಯಂ ಮಾತ್ರೆಗಳನ್ನು ದಿನಕ್ಕೆ ಎರಡು ಬಾರಿ, ಕಬ್ಬಿಣಾಂಶದ ಮಾತ್ರೆಯೊಂದಿಗೆ ಬೆರೆಸದೆ ಬೇರೆ ಸಮಯದಲ್ಲಿ ಸೇವಿಸಬೇಕು.

ಸೇವೆ ಪಡೆಯುವ ವಿಧಾನ

1. ಮುಟ್ಟು ನಿಂತ ಕೂಡಲೇ ಗ್ರಾಮದ ಆಶಾ ಕಾರ್ಯಕರ್ತೆಗೆ ತಿಳಿಸಿ, ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು.
2. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖಿನಂದು 4ನೇ ತಿಂಗಳಿನಿಂದ ದೊರೆಯುವ ಉಚಿತ ವೈದ್ಯರ ತಪಾಸಣೆಗೆ ಹಾಜರಾಗುವುದು. ಆದರೆ ಮೊದಲ ತಪಾಸಣೆಗಾಗಿ ಈ ದಿನದವರೆಗೆ ಕಾಯಬಾರದು.
3. ಪಾವಗಡ ತಾಲ್ಲೂಕು ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದಿದ್ದು, ಹೆರಿಗೆಗೆ ಗಡಿಯಾಚೆಯ ತವರಿಗೆ ಅಥವಾ ಕೂಲಿಗಾಗಿ ಬೆಂಗಳೂರಿಗೆ ತೆರಳುವವರು ತಾಯಿ ಕಾರ್ಡನ್ನು ತಪ್ಪದೆ ಜೊತೆಯಲ್ಲಿ ಒಯ್ಯತಕ್ಕದ್ದು. ಹಿಂದಿನ ರಕ್ತದೊತ್ತಡದ ದಾಖಲೆಯಿಂದ ಅಲ್ಲಿನ ವೈದ್ಯರಿಗೆ ಏರಿಕೆಯು ತಿಳಿಯುತ್ತದೆ.
4. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧಿ, ಪರೀಕ್ಷೆ ಮತ್ತು ಸಾರಿಗೆ ಉಚಿತವಾಗಿರುತ್ತದೆ.

ಅಪಾಯದ ಚಿಹ್ನೆಗಳು

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈಗಳ ಹಠಾತ್ ಊತ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಫಿಟ್ಸ್. ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡುವುದು. ಫಿಟ್ಸ್ ಬಂದವರನ್ನು ಎಡಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ನೀರನ್ನಾಗಲಿ, ಬೇರೆ ಯಾವುದೇ ವಸ್ತುವನ್ನಾಗಲಿ ಹಾಕಬಾರದು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದೂರವಿರುವುದರಿಂದ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು ಸಮೀಪದ ಆರೋಗ್ಯ ಕೇಂದ್ರದಲ್ಲಿ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದಿನ ಮೊದಲ ಡೋಸ್ ದೊರೆಯುವುದು ಜೀವರಕ್ಷಕವಾಗಿದೆ.

ಈ ತೊಂದರೆಯು ಹೆರಿಗೆಯ ನಂತರದ 6 ವಾರಗಳೊಳಗೂ ಕಾಣಿಸಿಕೊಳ್ಳಬಹುದಾದ್ದರಿಂದ, ಬಾಣಂತಿಯರೂ ರಕ್ತದೊತ್ತಡ ಪರೀಕ್ಷೆಯನ್ನು ಮುಂದುವರಿಸಲು ಕೋರಲಾಗಿದೆ.