ಫೆಂಡರ್ ರೋಲಿಂಗ್

ಮೋಟಾರು ಕಾರಿನ ಚಕ್ರದ ಮೇಲಣ ಕಮಾನಿನಂತಿರುವ ಫೆಂಡರಿನ, ಅರ್ಥಾತ್ ಮಡ್‌ಗಾರ್ಡಿನ, ಒಳಮುಖವಾಗಿ ಬಾಗಿದ ತಗಡಿನಂಚನ್ನು ಮೇಲಕ್ಕೆ ಮಡಿಸಿ ಟೈರಿಗೆ ಅವಕಾಶ ಕಲ್ಪಿಸುವ ಕ್ರಿಯೆಗೆ ಈ ಹೆಸರು. ಮೂಲ ವಿನ್ಯಾಸಕ್ಕಿಂತ ಅಗಲವಾದ ಟೈರನ್ನು ತೊಡಿಸಿದಾಗ, ಅಥವಾ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿ ವಾಹನವನ್ನು ತಗ್ಗಿಸಿದಾಗ, ರಸ್ತೆಯ ಉಬ್ಬುತಗ್ಗುಗಳಲ್ಲಿ ಚಕ್ರವು ಮೇಲೆದ್ದೊಡನೆ ಆ ಅಂಚು ಟೈರನ್ನು ಕತ್ತಿಯಂತೆ ಕೊರೆಯತೊಡಗುವುದು. ಚಕ್ರವನ್ನು ಕಳಚಿ, ಹಬ್‌ಗೆ ಬಿಗಿದ ತೋಳಿನ ತುದಿಯ ಉರುಳೆಯನ್ನು ಅಂಚಿಗೊತ್ತಿ, ಹೀಟ್‌ಗನ್ನಿನಿಂದ ಬಣ್ಣವನ್ನು ಮೃದುಗೊಳಿಸುತ್ತ, ಉರುಳೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, ಒತ್ತಡವನ್ನು ಕ್ರಮೇಣ ಏರಿಸುತ್ತ, ಅಂಚನ್ನು ಒಳಮೈಗೆ ಒರಗಿಸುವರು. ಆತುರಪಟ್ಟಲ್ಲಿ ಬಣ್ಣ ಬಿರಿದು, ಬಯಲಾದ ಉಕ್ಕಿಗೆ ತುಕ್ಕು ಹಿಡಿಯುವುದು. ತಗಡನ್ನೇ ಹೊರಕ್ಕೆ ಉಬ್ಬಿಸುವ ಫ್ಲೇರಿಂಗ್ ಇದರಿಂದ ಭಿನ್ನವಾದುದು. ಟೈರು ಒಳಗಡೆ ಸಸ್ಪೆನ್ಷನ್ನಿಗೆ ತಾಗುತ್ತಿದ್ದರೆ ಎರಡೂ ನಿಷ್ಪ್ರಯೋಜಕ.