ನಕ್ಷೆ, ಮರ ಮತ್ತು ಕಾರಿನ ಎಂಜಿನ್: ಮನೆಯಲ್ಲಿ ಕಟ್ಟಿದ ವಿಮಾನಗಳ ಇತಿಹಾಸದ ಒಂದು ಅಧ್ಯಾಯ

ವಿಮಾನಯಾನದ ಚರಿತ್ರೆಯನ್ನು ಕುರಿತು ಯೋಚಿಸುವಾಗ ನಮ್ಮ ಗಮನ ಸಹಜವಾಗಿಯೇ ಕಾರ್ಖಾನೆಗಳತ್ತ ಹರಿಯುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಈ ನಾಡಿನ ಕೈಗಾರಿಕಾ ಇತಿಹಾಸದ ಮಹತ್ವದ ಘಟ್ಟ. ಹಾರಾಟದ ಕ್ಲಬ್ಬುಗಳಿಗಾಗಿ ರೂಪುಗೊಂಡು 1958ರಲ್ಲಿ ಮೊದಲ ಬಾರಿಗೆ ಹಾರಿದ ‘ಪುಷ್ಪಕ್’ ಎಂಬ ಎರಡು ಆಸನಗಳ ಹಗುರ ವಿಮಾನವೂ ಅಲ್ಲಿಂದಲೇ ಹೊರಬಂದಿತು. ಆದರೆ ಅಮೆರಿಕ ಹಾಗೂ ಯುರೋಪುಗಳಲ್ಲಿ ಕಾರ್ಖಾನೆಗಳ ಈ ಇತಿಹಾಸಕ್ಕೆ ಸಮಾನಾಂತರವಾಗಿ ಮತ್ತೊಂದು ಧಾರೆ ಹರಿದು ಬಂದಿದೆ. ಅಚ್ಚಾದ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಕೊಟ್ಟಿಗೆಯಲ್ಲಿಯೋ ಗ್ಯಾರೇಜಿನಲ್ಲಿಯೋ ತನ್ನ ಕೈಯಿಂದಲೇ ವಿಮಾನ ಕಟ್ಟಿ, ಅದರಲ್ಲಿ ತಾನೇ ಹಾರಿದ ಸಾಮಾನ್ಯರ ಧಾರೆ ಅದು. ಈ ಧಾರೆಯ ಎರಡು ವಿಮಾನಗಳನ್ನು ಜೊತೆಗಿಟ್ಟು ನೋಡಿ, ಒಂದು ನಕ್ಷೆ ತನ್ನೊಡನೆ ಏನನ್ನು ಒಯ್ಯಬಲ್ಲದು, ಏನನ್ನು ಒಯ್ಯಲಾರದು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಂಪರೆಯ ಆರಂಭವನ್ನು ಬ್ರೆಜಿಲ್ ಮೂಲದ ಆಲ್ಬರ್ಟೊ ಸಾಂಟೋಸ್ ದ್ಯುಮಾಂಟ್‌ನಲ್ಲಿ ಗುರುತಿಸಬಹುದು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಆತ ‘ಡೆಮೊಯ್ಸೆಲ್’ ಎಂಬ ತನ್ನ ಪುಟ್ಟ ವಿಮಾನದ ಮೇಲೆ ಹಕ್ಕು ಸ್ಥಾಪಿಸಲು ಹೋಗದೆ, ಅದರ ವಿವರಗಳನ್ನು ಎಲ್ಲರಿಗೂ ಮುಕ್ತವಾಗಿಸಿದ. 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಅದರ ನಕ್ಷೆಗಳನ್ನು ಪ್ರಕಟಿಸಿತು. ವಿಮಾನವೆಂಬುದು ಪತ್ರಿಕೆಯ ಪುಟಗಳ ಮೂಲಕ ಮನೆಯನ್ನು ತಲುಪಬಲ್ಲದು ಎಂಬ ಕಲ್ಪನೆಗೆ ಇದರಿಂದ ಬಲ ಬಂದಿತು.

ಈ ಕಲ್ಪನೆಯನ್ನು ಬಹುಕಾಲ ಬಾಳುವಂತೆ ಮಾಡಿದವನು ಅಮೆರಿಕದ ಮಿನ್ನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ (1901–1984). ಎಂಜಿನಿಯರಿಂಗ್ ಪದವಿಯಿಲ್ಲದ ಈ ಯಂತ್ರಕುಶಲಿ ಕೆಲವು ಪ್ರಯೋಗಗಳ ಬಳಿಕ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನು ಅಳವಡಿಸಿದ ‘ಏರ್ ಕ್ಯಾಂಪರ್’ ವಿಮಾನವನ್ನು ಹಾರಿಸಿದ. ಕಾರಿನ ಎಂಜಿನ್ ವಿಮಾನಕ್ಕೆ ಒಗ್ಗದು ಎಂಬುದು ಆಗಿನ ಬಲ್ಲವರ ಅಭಿಪ್ರಾಯವಾಗಿತ್ತು. ‘ಮಾಡರ್ನ್ ಮೆಕ್ಯಾನಿಕ್ಸ್’ ಪತ್ರಿಕೆಯ ಸಂಪಾದಕ ವೆಸ್ಟನ್ ಫಾರ್ಮರ್ ಕೂಡ ಹಾಗೆಯೇ ಭಾವಿಸಿದ್ದ. 1930ರಲ್ಲಿ ಪೀಟನ್‌ಪೋಲ್ ಮತ್ತು ಅವನ ಗೆಳೆಯ ಇಂತಹ ಎರಡು ವಿಮಾನಗಳನ್ನು ಮಿನ್ನಿಯಾಪೊಲಿಸ್ ಬಳಿಗೆ ಹಾರಿಸಿಕೊಂಡು ಹೋಗಿ ಅವನ ಕಣ್ಣೆದುರಿಗೇ ಇಳಿಸಿದರು. ವಾದಕ್ಕಿಂತ ಪ್ರತ್ಯಕ್ಷ ಪ್ರಮಾಣವೇ ಪ್ರಬಲವಾಯಿತು. ಸಂಪಾದಕ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡದ್ದಲ್ಲದೆ, 1930ರ ದಶಕದ ಆರಂಭದಲ್ಲಿ ಆ ವಿಮಾನದ ನಕ್ಷೆಗಳನ್ನೂ ಪ್ರಕಟಿಸಿದ.

ಮಾಡೆಲ್ ಎ ಕಾರುಗಳು 40 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದ್ದವು. ಅವುಗಳ ಬಿಡಿಭಾಗಗಳು ಹಳ್ಳಿಹಳ್ಳಿಯಲ್ಲಿ ದೊರೆಯುತ್ತಿದ್ದವು. ನಾಲ್ಕು ಸಿಲಿಂಡರುಗಳ, ಸುಮಾರು 3.3 ಲೀಟರ್ ಗಾತ್ರದ ಆ ಎಂಜಿನ್ ಕೇವಲ 40 ಅಶ್ವಶಕ್ತಿ ನೀಡುತ್ತಿತ್ತು. ಆದರೆ ಅದು ನಿಧಾನವಾಗಿ ಸುತ್ತುತ್ತಲೇ ಸಾಕಷ್ಟು ತಿರುಚುಬಲ ಕೊಡುತ್ತಿದ್ದುದರಿಂದ, ಗೇರುಗಳ ನೆರವಿಲ್ಲದೆ ಮರದ ಪ್ರೊಪೆಲರನ್ನು ನೇರವಾಗಿ ತಿರುಗಿಸಬಲ್ಲದಾಗಿತ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಹೊಸ ವಿಮಾನ ಕೊಳ್ಳಲಾಗದ ರೈತ, ಮೆಕ್ಯಾನಿಕ್ ಮೊದಲಾದವರಿಗೆ ಇದೊಂದು ದಾರಿಯಾಯಿತು.

ಏರ್ ಕ್ಯಾಂಪರ್‌ನ ರಚನೆ ಸರಳವಾದುದು. ಒಡಲಿನಿಂದ ಮೇಲಕ್ಕೆ ಕಂಬಗಳ ಮೇಲೆ ನಿಂತ, ಸುಮಾರು 29 ಅಡಿ ಅಗಲದ ಒಂದೇ ರೆಕ್ಕೆ. ಅದರಡಿಯಲ್ಲಿ ಒಂದರ ಹಿಂದೊಂದರಂತೆ ಎರಡು ತೆರೆದ ಆಸನಗಳು. ಒಡಲಿನ ಎರಡು ಪಕ್ಕಗಳನ್ನು ಸ್ಪ್ರೂಸ್ ಮರದ ಕಡ್ಡಿಗಳಿಂದ ಸಮತಟ್ಟಾದ ಹಲಗೆಯ ಮೇಲೆ ಪ್ರತ್ಯೇಕವಾಗಿ ಕಟ್ಟಿ, ಬಳಿಕ ಎರಡನ್ನೂ ಜೋಡಿಸಲಾಗುತ್ತದೆ. ರೆಕ್ಕೆಯ ಪಕ್ಕೆಲುಬುಗಳೆಲ್ಲವೂ ಒಂದೇ ಅಚ್ಚಿನಲ್ಲಿ ಸಿದ್ಧವಾಗಬೇಕು. ಸಣ್ಣ ಕಡ್ಡಿಗಳನ್ನು ಬಾಗಿಸಿ, ಕೂಡುವೆಡೆಗಳಲ್ಲಿ ತೆಳು ಪ್ಲೈವುಡ್ಡಿನ ತುಂಡುಗಳನ್ನು ಅಂಟಿಸಿ, ಒಂದು ಒಣಗಿದ ಮೇಲೆ ಮತ್ತೊಂದನ್ನು ಮಾಡುತ್ತಾ ಹೋಗಬೇಕು. ಕೊನೆಯಲ್ಲಿ ಬಟ್ಟೆ ಹೊದಿಸಿ, ಅದನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪವನ್ನು ಬಳಿಯಲಾಗುತ್ತದೆ. ಬಡಗಿಯ ತಾಳ್ಮೆಯುಳ್ಳ ಯಾರಿಗಾದರೂ ಈ ಕೆಲಸ ಸಾಧ್ಯ.

ಆದರೆ ನಕ್ಷೆಯಲ್ಲಿರುವಂತೆ ಕಟ್ಟಿದ ಮಾತ್ರಕ್ಕೆ ವಿಮಾನ ಹಾರಾಟಕ್ಕೆ ಸಿದ್ಧವಾಯಿತೆಂದು ಹೇಳಲಾಗದು. ಮುಂದಿನ ಕಾಲದಲ್ಲಿ ಅನೇಕರು ಫೋರ್ಡ್ ಎಂಜಿನ್ನಿನ ಬದಲು ಅದಕ್ಕಿಂತ ಹಗುರವಾದ ವಿಮಾನ ಎಂಜಿನ್ನುಗಳನ್ನು ಕೂರಿಸಿದರು. ಮೂತಿಯ ಭಾರ ಕಡಿಮೆಯಾದಾಗ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹಾಗಾದ ವಿಮಾನವನ್ನು ನಿಯಂತ್ರಿಸುವುದು ಅಪಾಯಕರ. ಇದಕ್ಕಾಗಿ ಮೂತಿಯನ್ನು ಉದ್ದಗೊಳಿಸುವುದು ಅಥವಾ ಕಂಬಗಳನ್ನು ವಾಲಿಸಿ ಇಡೀ ರೆಕ್ಕೆಯನ್ನೇ ಕೆಲವು ಅಂಗುಲ ಹಿಂದಕ್ಕೆ ಸರಿಸುವುದು ರೂಢಿಗೆ ಬಂದಿತು. ಎಷ್ಟು ಸರಿಸಬೇಕೆಂಬುದು ಕಟ್ಟಿದ ಪ್ರತಿಯೊಂದು ವಿಮಾನವನ್ನೂ ತೂಗಿದ ಬಳಿಕವೇ ತಿಳಿಯುತ್ತದೆ. ಹಾರಾಟದಲ್ಲಿಯೂ ಅಷ್ಟೆ. ಕಂಬ, ತಂತಿ ಹಾಗೂ ಚಾಲಕನ ಮುಂದೆಯೇ ಎದ್ದು ನಿಂತ ರೇಡಿಯೇಟರ್ ಇವೆಲ್ಲ ಗಾಳಿಗೆ ಅಡ್ಡವಾಗುವುದರಿಂದ, ಎಂಜಿನ್ ನಿಂತೊಡನೆ ವೇಗ ಬಹುಬೇಗ ಕುಸಿಯುತ್ತದೆ. ಮೂತಿಯನ್ನು ತಡಮಾಡದೆ ತಗ್ಗಿಸಬೇಕೆಂಬ ಪಾಠವನ್ನು ಹೊಸ ಚಾಲಕ ಅನುಭವಿಗಳಿಂದಲೇ ಕಲಿಯಬೇಕು.

ಇದೇ ಕಾಲಕ್ಕೆ ಫ್ರಾನ್ಸಿನಲ್ಲಿ ಆನ್ರಿ ಮಿನ್ಯೇ (1893–1965) ಬೇರೊಂದು ಮಾರ್ಗವನ್ನು ಹಿಡಿದಿದ್ದ. ಸಾಂಪ್ರದಾಯಿಕ ವಿಮಾನದ ನಿಯಂತ್ರಣವೇ ಸಾಮಾನ್ಯರಿಗೆ ತೊಡಕೆಂದು ಬಗೆದ ಆತ ಅದನ್ನೇ ಬದಲಿಸಿದ. 1933ರಲ್ಲಿ ಹಾರಿದ ಅವನ ಎಚ್.ಎಂ. 14 ವಿಮಾನಕ್ಕೆ ಎಲೆರಾನುಗಳಿರಲಿಲ್ಲ, ಕಾಲಿನಿಂದ ಒತ್ತುವ ಪೆಡಲುಗಳೂ ಇರಲಿಲ್ಲ. ಒಂದರ ಹಿಂದೊಂದು ಎರಡು ರೆಕ್ಕೆಗಳು. ಹಿಡಿಕೋಲನ್ನು ಎಳೆದರೆ ಮುಂದಿನ ರೆಕ್ಕೆಯೇ ಓರೆಯಾಗುತ್ತಿತ್ತು, ಪಕ್ಕಕ್ಕೆ ಸರಿಸಿದರೆ ರಡ್ಡರ್ ತಿರುಗುತ್ತಿತ್ತು. ‘ಆಕಾಶದ ಹೇನು’ ಎಂಬರ್ಥದ ಫ್ರೆಂಚ್ ಹೆಸರು ಇಂಗ್ಲಿಷಿನಲ್ಲಿ ‘ಹಾರುವ ಚಿಗಟ’ವಾಯಿತು. 1934ರಲ್ಲಿ ಪ್ರಕಟವಾದ ಮಿನ್ಯೇಯ ಪುಸ್ತಕ ಮರುವರ್ಷ ಇಂಗ್ಲಿಷಿಗೆ ಬಂದಿತು. 1935ರ ಆಗಸ್ಟ್‌ನಲ್ಲಿ ಆತನೇ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಬ್ರಿಟನ್ನಿಗೆ ಹಾರಿದ. ಉಭಯ ದೇಶಗಳಲ್ಲಿಯೂ ನೂರಾರು ಜನ ಉತ್ಸಾಹದಿಂದ ನಿರ್ಮಾಣಕ್ಕೆ ತೊಡಗಿದರು.

ಆ ಉತ್ಸಾಹ ಒಂದೇ ವರ್ಷದಲ್ಲಿ ಶೋಕಕ್ಕೆ ತಿರುಗಿತು. ನೆಲದತ್ತ ಧುಮುಕಿದ ವಿಮಾನ ಮತ್ತೆ ಮೇಲೇಳದೆ ಹಲವರು ಮೃತರಾದರು. 1936ರಲ್ಲಿ ಬ್ರಿಟನ್ನಿನ ಫಾರ್ನ್‌ಬರೋ ಹಾಗೂ ಫ್ರಾನ್ಸಿನ ಶಲೇ-ಮ್ಯೂದೋನ್‌ಗಳ ಗಾಳಿಸುರಂಗಗಳಲ್ಲಿ ನಡೆದ ಪರೀಕ್ಷೆಗಳು ಕಾರಣವನ್ನು ಬಯಲಿಗೆ ತಂದವು. ವಿಮಾನ ಒಂದು ಮಿತಿಗಿಂತ ಕಡಿದಾಗಿ ಮೂತಿ ತಗ್ಗಿಸಿದಾಗ ಚಾಲಕ ಕೋಲನ್ನು ಎಳೆಯುತ್ತಾನೆ. ಮುಂದಿನ ರೆಕ್ಕೆಯ ಹಿಂಚು ಕೆಳಗಿಳಿದು, ಎರಡು ರೆಕ್ಕೆಗಳ ನಡುವಣ ಸಂದು ಕಿರಿದಾಗುತ್ತದೆ. ಅದರ ಮೂಲಕ ನುಗ್ಗುವ ಗಾಳಿಯಿಂದ ಹಿಂದಿನ ರೆಕ್ಕೆಯ ಎತ್ತುಬಲ ಹೆಚ್ಚುತ್ತದೆ. ಪರಿಣಾಮವಾಗಿ ಮೂತಿ ಮೇಲೇಳುವ ಬದಲು ಕೆಳಮುಖವಾಗಿಯೇ ಉಳಿಯುತ್ತದೆ. ಬದುಕಲು ಮಾಡಿದ ಪ್ರಯತ್ನವೇ ಕೈಕೊಡುತ್ತಿತ್ತು. ಬ್ರಿಟನ್ನಿನಲ್ಲಿ ಆ ವಿಮಾನಗಳ ಹಾರಾಟ ನಿಂತಿತು. ಮಿನ್ಯೇ ತನ್ನ ಮುಂದಿನ ವಿನ್ಯಾಸಗಳಲ್ಲಿ ಈ ದೋಷವನ್ನು ಸರಿಪಡಿಸಿದನಾದರೂ, ಮೃತರ ಪಾಲಿಗೆ ಅದು ತಡವಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಡಿದವರು ಕೆಟ್ಟ ಕೆಲಸಗಾರರಾಗಿರಬೇಕಿರಲಿಲ್ಲ. ನಕ್ಷೆಯನ್ನು ಎಷ್ಟು ನಿಷ್ಠೆಯಿಂದ ಅನುಸರಿಸಿದರೂ ದೋಷ ನಕ್ಷೆಯೊಳಗೇ ಇತ್ತು. ಪೀಟನ್‌ಪೋಲ್‌ನ ವಿನ್ಯಾಸದಲ್ಲಿ ಹೊಸದಾಗಿದ್ದುದು ಎಂಜಿನ್ ಮಾತ್ರ. ರೆಕ್ಕೆ, ಬಾಲ, ನಿಯಂತ್ರಣಗಳೆಲ್ಲವೂ ಅದಾಗಲೇ ಅನುಭವಕ್ಕೆ ಬಂದವು. ಎಂಜಿನ್ ನಿಂತರೂ ವಿಮಾನವನ್ನು ಹೊಲದಲ್ಲಿ ಇಳಿಸಬಹುದಿತ್ತು. ಮಿನ್ಯೇಯ ವಿನ್ಯಾಸದಲ್ಲಿ ಹೊಸತಾಗಿದ್ದುದು ನಿಯಂತ್ರಣದ ತತ್ತ್ವವೇ. ಅದರ ಪರೀಕ್ಷೆ ಗಾಳಿಸುರಂಗದಲ್ಲಿ ಮೊದಲು ನಡೆಯದೆ ಓದುಗರ ಪ್ರಾಣದ ಮೇಲೆ ನಡೆಯಿತು.

ಈ ಅನುಭವಗಳ ಬಳಿಕ ಹವ್ಯಾಸಿ ನಿರ್ಮಾಣ ಅಳಿಯಲಿಲ್ಲ. ಅದು ಸಾಂಸ್ಥಿಕ ರೂಪವನ್ನು ಪಡೆಯಿತು. ಬ್ರಿಟನ್ನಿನಲ್ಲಿ 1946ರಲ್ಲಿ ಹಗುರ ವಿಮಾನಗಳ ಹವ್ಯಾಸಿ ಸಂಘ ಹುಟ್ಟಿತು. ಮುಂದೆ ಅದರ ಪರಿಶೀಲಕರೇ ನಿರ್ಮಾಣದ ತಪಾಸಣೆ ನಡೆಸುವ ಪದ್ಧತಿ ಬೆಳೆಯಿತು. ಅಮೆರಿಕದ ಆರೆಗಾನ್ ರಾಜ್ಯದ ಜಾರ್ಜ್ ಬೊಗಾರ್ಡಸ್ 1947ರಲ್ಲಿ ‘ಲಿಟ್ಲ್ ಜೀ ಬೀ’ ಎಂಬ ಪುಟ್ಟ ವಿಮಾನದಲ್ಲಿ ವಾಷಿಂಗ್ಟನ್‌ವರೆಗೂ ಹಾರಿ, ಹವ್ಯಾಸಿ ವಿಮಾನಗಳಿಗೆ ಕಾನೂನಿನ ಮಾನ್ಯತೆ ಕೇಳಿದ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನನ್ನು ಸ್ಥಾಪಿಸಿದ. ವಿಮಾನದ ಬಹುಭಾಗವನ್ನು ಹವ್ಯಾಸಿಯೇ, ಕಲಿಕೆ ಅಥವಾ ವಿನೋದಕ್ಕಾಗಿ ಕಟ್ಟಿರಬೇಕೆಂಬುದು ಅಲ್ಲಿನ ನಿಯಮವಾಯಿತು.

ಪೀಟನ್‌ಪೋಲ್‌ನ ನಕ್ಷೆಗಳಿಂದ ಹೊಸ ವಿಮಾನಗಳು ಇಂದಿಗೂ ಹುಟ್ಟುತ್ತಿವೆ. ವಿಸ್ಕಾನ್ಸಿನ್‌ನ ಬ್ರಾಡ್‌ಹೆಡ್‌ನಲ್ಲಿ ಅವುಗಳನ್ನು ಕಟ್ಟಿದವರು ಸೇರಿ, ಪರಸ್ಪರರ ಕೆಲಸ ನೋಡಿ, ಅಳತೆ–ತೂಕಗಳ ಲೆಕ್ಕ ಹಂಚಿಕೊಳ್ಳುವ ವಾಡಿಕೆ ಬೆಳೆದಿದೆ. ಇದನ್ನು ಕೇವಲ ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕಲಾಗದು. ನಕ್ಷೆ ಅಳತೆಗಳನ್ನು ಒಯ್ಯುತ್ತದೆ. ವಿವೇಕವನ್ನು ಒಯ್ಯುವುದು ಅದರ ಸುತ್ತ ನೆರೆದ ಜನರ ಬಳಗ. ಹಾಗೆಯೇ, ನಕ್ಷೆಯನ್ನು ಲೋಕಕ್ಕೆ ಹಂಚುವವನ ಹೊಣೆ ಅದನ್ನು ಅಚ್ಚು ಹಾಕಿಸಿದಲ್ಲಿಗೆ ಮುಗಿಯುವುದಿಲ್ಲ. ಈ ಎರಡು ವಿಮಾನಗಳ ಇತಿಹಾಸ ನಮಗೆ ಮನಗಾಣಿಸುವುದು ಇದನ್ನೇ.