ಕಿವಿಯೋಲೆ, ಜೀನ್ಸ್ ಗುಂಡಿ ಮತ್ತು ಒಂದು ಕಾನೂನು: ನಿಕಲ್ ಅಲರ್ಜಿಯ ಇತಿಹಾಸ

ಇವತ್ತಿನ ನಮ್ಮ ಇತಿಹಾಸದ ಕಥೆಯಲ್ಲಿ ಖಳನಾಯಕ ಒಂದು ಲೋಹ: ನಿಕಲ್.

ಕಿವಿ ಚುಚ್ಚಿಸಿದ ಮೇಲೆ ಮಕ್ಕಳ ಕಿವಿಯ ಹಾಲೆ ಕೆಂಪಾಗಿ, ತುರಿಕೆಯಾಗಿ, ನೀರು ಸೋರೋದನ್ನ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಊರಿಗೆ ಫೋನ್ ಮಾಡಿದ್ರೆ ಅಜ್ಜಿಯ ಉತ್ತರ ರೆಡಿ: "ನಂಜಾಗಿದೆ ಕಣೋ, ಬದನೆಕಾಯಿ ಕೊಡಬೇಡ." ಪಾಪ, ಬದನೆಕಾಯಿ! ಅಸಲಿ ಆರೋಪಿಯನ್ನ ಹಿಡಿದು ಕಾನೂನಿನ ಕಟಕಟೆ ಹತ್ತಿಸೋಕೆ ಯುರೋಪಿನಲ್ಲಿ ಸುಮಾರು ನೂರು ವರ್ಷ ಬೇಕಾಯ್ತು.

ಹೆಸರಿನಿಂದ ಶುರು ಮಾಡೋಣ. ಜರ್ಮನಿಯ ಗಣಿ ಕೆಲಸಗಾರರಿಗೆ ತಾಮ್ರದ ಹಾಗೆ ಕಾಣುವ ಒಂದು ಅದಿರು ಸಿಗ್ತಿತ್ತು. ಎಷ್ಟು ಕಾಯಿಸಿದರೂ ಅದರಿಂದ ತಾಮ್ರ ಬರ್ತಿರಲಿಲ್ಲ. ಇದು ಯಾವುದೋ ಭೂತದ ಕಿತಾಪತಿ ಅಂತ ಅವರು ಅದನ್ನ 'ಕುಪ್ಫರ್‌ನಿಕೆಲ್' ಅಂತ ಕರೆದರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಡ್ ಅಂಥದೇ ಅದಿರಿನಿಂದ ಹೊಸ ಲೋಹವನ್ನ ಬೇರ್ಪಡಿಸಿದರು. ಭೂತದ ಹೆಸರು ಲೋಹಕ್ಕೆ ಅಂಟಿಕೊಂಡಿತು.

19ನೇ ಶತಮಾನದಲ್ಲಿ ವಿದ್ಯುತ್ ಬಳಸಿ ಲೋಹದ ಲೇಪನ ಮಾಡುವ ಉದ್ಯಮ ಬೆಳೆಯಿತು. ನಿಕಲ್ ಲೇಪಿಸಿದರೆ ವಸ್ತು ಬೆಳ್ಳಿಯ ಹಾಗೆ ಹೊಳೆಯುತ್ತೆ, ಬೇಗ ತುಕ್ಕು ಹಿಡಿಯಲ್ಲ, ಬೆಲೆಯೂ ಕಡಿಮೆ. ಇದಕ್ಕೆ ಮೊದಲು ದಂಡ ತೆತ್ತವರು ಕಾರ್ಖಾನೆಯ ಕೆಲಸಗಾರರು. ಅವರಿಗೆ ಆಗ್ತಿದ್ದ ಇಸುಬನ್ನ 1889ರಲ್ಲಿ ಬರ್ಲಿನ್ನಿನ ಚರ್ಮವೈದ್ಯ ಆಲ್ಫ್ರೆಡ್ ಬ್ಲಾಷ್ಕೊ ವರದಿ ಮಾಡಿದರು.

ಆದರೆ ಒಂದು ವಸ್ತುವೇ ಕಾರಣ ಅಂತ ಸಾಬೀತು ಮಾಡೋದು ಹೇಗೆ? ದಾರಿ ತೋರಿಸಿದವರು ಯೋಸೆಫ್ ಯಾಡಾಸ್ಸೋನ್. ಪಾದರಸದ ಔಷಧದಿಂದ ಚರ್ಮ ಕೆರಳಿದ ರೋಗಿಗೆ ಅದೇ ಪಾದರಸವನ್ನ ಒಂದು ಚಿಕ್ಕ ಜಾಗದಲ್ಲಿ ಅಂಟಿಸಿ, ಅಲ್ಲೂ ಚರ್ಮ ಕೆರಳೋದನ್ನ ಅವರು 1895ರಲ್ಲಿ ತೋರಿಸಿದರು. ಇದೇ ಇವತ್ತಿನ ಪ್ಯಾಚ್ ಟೆಸ್ಟ್. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ, ಅವರು ಬಗ್ಗನ್ನ ರಿಪ್ರೊಡ್ಯೂಸ್ ಮಾಡಿದರು! ಆಗ 'ಅಲರ್ಜಿ' ಅನ್ನೋ ಪದವೇ ಇರಲಿಲ್ಲ. ಅದನ್ನ 1906ರಲ್ಲಿ ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಈ ಬಗ್ ಹಿಡಿಯೋದು ಯಾಕೆ ಕಷ್ಟ ಗೊತ್ತಾ? ಬೆವರಿನಲ್ಲಿ ಕರಗಿದ ನಿಕಲ್ ಚರ್ಮದೊಳಗೆ ಇಳಿಯುತ್ತೆ. ರೋಗನಿರೋಧಕ ಟಿ-ಕೋಶಗಳು ಅದನ್ನ ಶತ್ರು ಅಂತ ಗುರುತಿಟ್ಟುಕೊಳ್ಳುತ್ತವೆ. ಮುಂದೆ ಮತ್ತೆ ನಿಕಲ್ ತಾಗಿದಾಗ ತುರಿಕೆ ಬರೋದು ಒಂದೆರಡು ದಿನ ತಡವಾಗಿ. ಶನಿವಾರ ಮದುವೆಗೆ ಹಾಕಿದ ಓಲೆ, ಸೋಮವಾರ ಕಾಣಿಸಿದ ಗುಳ್ಳೆ. ಬೈಗುಳ ಮಾತ್ರ ಭಾನುವಾರದ ಊಟಕ್ಕೆ!

ಕಾರ್ಖಾನೆಯಿಂದ ನಿಕಲ್ ಮನೆಯೊಳಗೂ ಬಂತು. ಮೊದಲು ಹೆಂಗಸರ ಕಾಲುಚೀಲದ ಕ್ಲಿಪ್ಪು, ಆಮೇಲೆ ಜೀನ್ಸ್ ಗುಂಡಿ, ಅಗ್ಗದ ಕಿವಿಯೋಲೆ. ಮುಲಾಮಿನಿಂದ ಗುಳ್ಳೆ ಆರುತ್ತೆ, ಆದರೆ ಚರ್ಮ ಒಮ್ಮೆ ಕಲಿತದ್ದನ್ನ ಸಾಮಾನ್ಯವಾಗಿ ಜೀವನಪೂರ್ತಿ ಮರೆಯಲ್ಲ. ಹಾಗಾಗಿ ಡೆನ್ಮಾರ್ಕ್ ಮೂಲಕ್ಕೇ ಕೈ ಹಾಕಿತು. ಚರ್ಮಕ್ಕೆ ಸದಾ ತಾಗುವ ವಸ್ತು ವಾರಕ್ಕೆ, ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂಗಿಂತ ಹೆಚ್ಚು ನಿಕಲ್ ಬಿಡುವಂತಿಲ್ಲ ಅನ್ನೋ ನಿಯಮ ಅಲ್ಲಿ 1990ರ ಹೊತ್ತಿಗೆ ಬಂತು. ಗಮನಿಸಿ, ಲೋಹದಲ್ಲಿ ನಿಕಲ್ ಎಷ್ಟಿದೆ ಅನ್ನೋದಲ್ಲ, ಹೊರಗೆ ಎಷ್ಟು ಬಿಡುತ್ತೆ ಅನ್ನೋದು ಲೆಕ್ಕ. 1994ರಲ್ಲಿ ಯುರೋಪಿಯನ್ ಒಕ್ಕೂಟವೂ ಇದೇ ದಾರಿ ಹಿಡಿಯಿತು.

ಫಲ ಸಿಕ್ತಾ? 2002ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಶಾಲಾ ಹುಡುಗಿಯರ ಅಧ್ಯಯನ ನೋಡಿ. ನಿಯಮ ಜಾರಿಯಾಗುವ ಮೊದಲು ಕಿವಿ ಚುಚ್ಚಿಸಿಕೊಂಡವರಲ್ಲಿ ನಿಕಲ್ ಅಲರ್ಜಿ ಶೇ. 17.1. ಆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 3.9.

ನನ್ನ ಮಗಳ ಹೊಕ್ಕುಳ ಕೆಳಗೆ ರೂಪಾಯಿ ಅಗಲದ ಇಸುಬು ಆಗಿತ್ತು. ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದಾಯ್ತು. ಕೊನೆಗೆ ಚರ್ಮವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪ್ಯಾಂಟ್ ಹಾಕ್ತಾಳೆ?" ಆ ಪ್ರಶ್ನೆಯ ಹಿಂದೆ ಬ್ಲಾಷ್ಕೊನಿಂದ ಇಲ್ಲಿವರೆಗಿನ ಇಷ್ಟೂ ಇತಿಹಾಸ ಇದೆ.

ಹಾಗಂತ ಮಕ್ಕಳ ಎಲ್ಲ ಇಸುಬಿಗೂ ನಿಕಲ್ ಕಾರಣ ಅಲ್ಲ. ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಬರುವ, ಆಸ್ತಮಾ ಇರುವ ಮನೆತನಗಳಲ್ಲಿ ಹೆಚ್ಚಾಗಿ ಕಾಣುವ ಎಟೋಪಿಕ್ ಡರ್ಮಟೈಟಿಸ್ ಬೇರೆ. ಆ ಹೆಸರು ಬಂದದ್ದು 1933ರಲ್ಲಿ. ಎರಡೂ ಒಟ್ಟಿಗೆ ಇರಬಹುದು, ಅದನ್ನ ವೈದ್ಯರೇ ಬೇರ್ಪಡಿಸಬೇಕು. ಆದರೆ ಇಸುಬು ಓಲೆಯ ಜಾಗದಲ್ಲಿ, ಗುಂಡಿಯ ಜಾಗದಲ್ಲಿ, ವಾಚಿನ ಬಕಲ್ ಜಾಗದಲ್ಲಿ ಅಚ್ಚೊತ್ತಿದ ಹಾಗೆ ಬಂದಿದ್ರೆ ಅದನ್ನ ಡಾಕ್ಟರಿಗೆ ಹೇಳಿ, ಫೋಟೊ ತೆಗೆದು ತೋರಿಸಿ.

ಒಮ್ಮೆ ಬಂದದ್ದು ಹೋಗಲ್ಲ ಅಂದಮೇಲೆ ಮೊದಲ ಓಲೆಯೇ ಮುಖ್ಯ. ಮಗುವಿನ ಕಿವಿ ಚುಚ್ಚಿಸೋಕೆ ಹೋದಾಗ ಓಲೆಯ ಡಿಸೈನ್ ಜೊತೆಗೆ ಅದರ ಲೋಹ ಯಾವುದು, ಹಿಂದಿನ ತಿರುಪು ಯಾವುದರದ್ದು ಅಂತಲೂ ಕೇಳಿ. ಮುಂದಿನ ವಿಡಿಯೊದಲ್ಲಿ ಸಿಗೋಣ.